ಬೆಲುಂ ಗುಹೆಗೆ ನಿಮ್ಮ ಮಗುವನ್ನು ಕಳಿಸಿಕೊಡಿ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಜನವರಿ ತಿಂಗಳ ಎರಡನೇ ಶನಿವಾರ 8ನೇ ತರಗತಿಯ ಮಕ್ಕಳನ್ನು ಆಂಧ್ರದ ಬೆಲುಂ ಗುಹೆಗೆ ಕರೆದುಕೊಂಡು ಹೋಗುತ್ತೇವೆ ಅಂತ ಡೈರಿಯಲ್ಲಿ ಬರೆಸಿ ಕಳಿಸಿದ್ದೆ. ಸುಮಾರು ಮನೆಗಳಿಂದ ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ. ಕೆಲವರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಿರಿ: "ಮೇಡಂ, ಅಲ್ಲಿ ಕತ್ತಲೆ ಬಿಟ್ರೆ ಏನಿದೆ? ಹಂಪಿಗೆ ಹೋದ್ರೆ ಆಗಲ್ವಾ?" ಹಂಪಿಗೂ ಹೋಗೋಣ, ಅದೂ ಬೇಕು. ಈ ಸಲ ಬೆಲುಂ ಯಾಕೆ ಅನ್ನುವುದನ್ನು ನಾನೇ ಕೂತು ಬರೆದರೆ ಒಳ್ಳೆಯದು ಅನಿಸಿತು. ಪತ್ರ ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಮೊದಲು ಅಡುಗೆಮನೆಯಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಒಲೆಕಟ್ಟೆಗೆ ಕಪ್ಪು ಕಡಪ ಕಲ್ಲು ಹಾಕಿಸಿದ್ದೀರಿ. ಅದರ ಮೇಲೆ ನಿಂಬೆಹಣ್ಣು ಹಿಂಡಿ, ರಸ ಒರೆಸುವುದನ್ನು ಮರೆತರೆ ಬೆಳಿಗ್ಗೆ ಅಲ್ಲಿ ಬಿಳಿ ಕಲೆ ಕೂತಿರುತ್ತದೆ. ಎಷ್ಟು ಉಜ್ಜಿದರೂ ಹೋಗಲ್ಲ. ಯಾಕೆಂದರೆ ಅದು ಮೇಲೆ ಅಂಟಿದ ಕಲೆ ಅಲ್ಲವೇ ಅಲ್ಲ, ಆ ಜಾಗದಲ್ಲಿ ಕಲ್ಲೇ ಒಂದು ಚೂರು ಕರಗಿ ಹೋಗಿದೆ. ಕಡಪ ಕಲ್ಲು ಅಂದರೆ ಸುಣ್ಣಕಲ್ಲಿನ ಜಾತಿ. ಹುಳಿ ತಾಗಿದರೆ ಕರಗುತ್ತದೆ. ಬೆಲುಂ ಗುಹೆ ಇರುವುದು ಇದೇ ಜಾತಿಯ ಕಪ್ಪು ಸುಣ್ಣಕಲ್ಲಿನಲ್ಲಿ.

ಅಲ್ಲಿ ನಿಂಬೆರಸ ಸುರಿದವರು ಯಾರು? ಮಳೆ! ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸೋಡಾದ ಹಾಗೆ ಒಂಚೂರು ಹುಳಿಯಾಗುತ್ತದೆ. ನಾಲಿಗೆಗೆ ಗೊತ್ತೇ ಆಗದಷ್ಟು ಹುಳಿ, ಆದರೆ ಕಲ್ಲಿಗೆ ಗೊತ್ತಾಗುತ್ತದೆ. ಆ ನೀರು ಕಲ್ಲಿನ ಬಿರುಕಿನಲ್ಲಿ ಇಳಿದು, ಲಕ್ಷಾಂತರ ವರ್ಷ ಹರಿದು ಹರಿದು, ಬಿರುಕು ಓಣಿಯಾಗಿ, ಓಣಿ ಮನುಷ್ಯರು ಓಡಾಡುವಂಥ ಹಾದಿಯಾಗಿ, ಕೊನೆಗೆ ಅಳತೆ ಮಾಡಿದಾಗ 3,229 ಮೀಟರ್ ಉದ್ದ ಸಿಕ್ಕಿದೆ. ನಮ್ಮ ದೇಶದ ಬಯಲು ಪ್ರದೇಶದಲ್ಲಿ ಇಷ್ಟು ಉದ್ದದ ಗುಹೆ ಬೇರೆ ಇಲ್ಲ. ನಾವು ನಡೆಯುವುದು ಅದರಲ್ಲಿ ಒಂದೂವರೆ ಕಿಲೋಮೀಟರ್‌ನಷ್ಟು ಮಾತ್ರ.

ನಮ್ಮ ಬಳ್ಳಾರಿ ಗುಡ್ಡದಲ್ಲಿ ಇಂಥ ಗುಹೆ ಯಾಕಿಲ್ಲ ಅಂತ ನಾನು ತರಗತಿಯಲ್ಲಿ ಕೇಳಿದೆ. ಯಾರೂ ಮಾತಾಡಲಿಲ್ಲ. ನಮ್ಮದು ಗ್ರಾನೈಟ್, ಅದರ ಮೇಲೆ ಒಂದು ಬುಟ್ಟಿ ನಿಂಬೆಹಣ್ಣು ಹಿಂಡಿದರೂ ಏನೂ ಆಗಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳಬಹುದು, ಮಕ್ಕಳೂ ನೋಟ್ಸ್‌ನಲ್ಲಿ ಬರೆದುಕೊಂಡು ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಆ ಗೋಡೆಯ ಪಕ್ಕ ನಿಂತು, ನೀರು ಸವರಿ ಸವರಿ ನುಣುಪು ಮಾಡಿದ ಕಲ್ಲನ್ನು ನೋಡಿದ ಮಗುವಿಗೆ ಅದು ಜೀವನಪೂರ್ತಿ ಮರೆಯಲ್ಲ. ನನಗೆ ಬೇಕಾಗಿರುವುದು ಅಷ್ಟೇ.

ನವೆಂಬರ್‌ನಲ್ಲಿ ನಾನು ಮತ್ತು ವಿಜ್ಞಾನದ ಟೀಚರ್ ಒಂದು ಭಾನುವಾರ ಹೋಗಿ ನೋಡಿಕೊಂಡು ಬಂದೆವು. ಗುಂತಕಲ್, ಗುತ್ತಿ, ತಾಡಪತ್ರಿ ದಾಟಿ ಕೊಲಿಮಿಗುಂಡ್ಲ ಹತ್ತಿರ. ಮೊದಲು ಕರ್ನೂಲು ಜಿಲ್ಲೆ ಆಗಿತ್ತು, 2022ರಿಂದ ನಂದ್ಯಾಲ ಜಿಲ್ಲೆ. ತಾಡಪತ್ರಿಯಲ್ಲಿ ಕಪ್ಪು ಚಪ್ಪಡಿಗಳ ರಾಶಿ ರಾಶಿ ಕಾಣುತ್ತದೆ, ಬಸ್ಸಿನಲ್ಲಿ ಮಕ್ಕಳಿಗೆ ಅದನ್ನು ತೋರಿಸುತ್ತೇನೆ, ಅವರ ಮನೆಯ ಒಲೆಕಟ್ಟೆ ಎಲ್ಲಿಂದ ಬಂತು ಅಂತ ಗೊತ್ತಾಗಲಿ. ಗುಹೆಯ ಹತ್ತಿರ ಹೋದರೆ ಬೆಟ್ಟ ಗಿಟ್ಟ ಏನೂ ಇಲ್ಲ. ಬಯಲಿನ ನಡುವೆ ಬಾವಿಯ ಹಾಗೆ ದೊಡ್ಡ ಗುಂಡಿಗಳು. ಅದರಲ್ಲಿ ಒಂದರೊಳಗೆ ಮೆಟ್ಟಿಲಿಳಿದು ಹೋಗಬೇಕು. ಇಳಿದ ತಕ್ಷಣ ತಂಪಾಗಿರುತ್ತದೆ ಅಂದುಕೊಂಡಿದ್ದೆ, ಹಾಗಿಲ್ಲ. ಒಳಗೆ ಬಿಸಿ, ಬೆವರು. ಗಾಳಿಗಾಗಿ ಮೇಲಿನಿಂದ ಕೊರೆದಿದ್ದಾರೆ, ಉಸಿರಿಗೆ ತೊಂದರೆ ಇಲ್ಲ, ಆದರೂ ಮಕ್ಕಳಿಗೆ ಸ್ವೆಟರ್ ಹಾಕಿ ಕಳಿಸಬೇಡಿ. ಹತ್ತಿ ಬಟ್ಟೆ ಸಾಕು.

ಗೈಡ್ ಜೊತೆಯಲ್ಲೇ ನಡೆದೆವು. ಅವರು ಲೈಟಿನ ಬೆಳಕಲ್ಲಿ ಒಂದೊಂದೇ ತೋರಿಸುತ್ತಾ ಹೋದರು. ಇದು ಸಿಂಹದ್ವಾರ, ಇದು ಕೋಟಿಲಿಂಗಾಲು, ಇದು ವೇಯಿ ಪಡಗಲು, ಇದು ಊಡಲಮರ್ರಿ. ಎಲ್ಲಾ ತೆಲುಗಿನಲ್ಲಿ, ಸ್ವಲ್ಪ ಬೇಗ ಬೇಗ. ನನಗೆ ಅರ್ಧ ಅರ್ಥವಾಯಿತು, ಮೈಸೂರು ಕಡೆಯವರಾದ ನಮ್ಮ ಟೀಚರ್‌ಗೆ ಏನೂ ಅರ್ಥವಾಗಲಿಲ್ಲ. ಅಲ್ಲೇ ನಿಂತು ನನಗೆ ಒಂದು ಯೋಚನೆ ಬಂತು.

ನಮ್ಮ ಶಾಲೆಯಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ತುಂಬಾ ಇದ್ದಾರೆ. ಅವರಲ್ಲಿ ಸುಮಾರು ಮಕ್ಕಳು ತರಗತಿಯಲ್ಲಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂರುತ್ತಾರೆ, ಕನ್ನಡ ತಪ್ಪಾಗುತ್ತದೆ ಅಂತ ಹೆದರಿಕೆ. ಈ ಪ್ರವಾಸದಲ್ಲಿ ಆ ಮಕ್ಕಳೇ ಮುಂದೆ ನಡೆಯುತ್ತಾರೆ. ಹತ್ತು ಮಕ್ಕಳಿಗೆ ಒಂದು ಗುಂಪು, ಪ್ರತಿ ಗುಂಪಿಗೆ ತೆಲುಗು ಬಲ್ಲ ಇಬ್ಬರು. ಗೈಡ್ ಹೇಳಿದ್ದನ್ನು ಅವರು ಉಳಿದವರಿಗೆ ಕನ್ನಡದಲ್ಲಿ ಹೇಳಬೇಕು, ಉಳಿದವರ ಪ್ರಶ್ನೆಯನ್ನು ಗೈಡ್‌ಗೆ ತೆಲುಗಿನಲ್ಲಿ ಕೇಳಬೇಕು. ಪಡಗ ಅಂದರೆ ಹೆಡೆ, ವೇಯಿ ಪಡಗಲು ಅಂದರೆ ಸಾವಿರ ಹೆಡೆ. ಊಡಲಮರ್ರಿ ಅಂದರೆ ಬಿಳಲು ಬಿಟ್ಟ ಆಲದ ಮರ. ಬೆಲುಂ ಅನ್ನುವ ಹೆಸರೇ ಬಿಲಂ ಅನ್ನುವ ಮಾತಿನಿಂದ ಬಂದಿದೆ ಅನ್ನುತ್ತಾರೆ, ನಾವು ಇಲಿಯ ಬಿಲ ಅನ್ನುತ್ತೇವಲ್ಲ, ಅದೇ ಬಿಲ. ತೆಲುಗು ಮನೆಮಾತಿನ ಪೋಷಕರಲ್ಲಿ ಒಂದು ಕೋರಿಕೆ, ಈಗಿನಿಂದಲೇ ಮಗುವಿಗೆ ಇದನ್ನು ಹೇಳಿ, ನೀನು ಬೇಕು ಅಂತ ಹೇಳಿ. ಸಾಧ್ಯವಾದರೆ ಅಜ್ಜ ಅಜ್ಜಿಯ ಹತ್ತಿರ ಕಲ್ಲು, ನೀರು, ಗವಿ ಇವುಗಳ ಬಗ್ಗೆ ಹಳೆಯ ತೆಲುಗು ಮಾತುಗಳನ್ನು ಕೇಳಿಸಿ.

ಸಿಂಹ, ಲಿಂಗ, ಹೆಡೆ ಅಂತ ಗೈಡ್ ತೋರಿಸುವುದು ತಪ್ಪಲ್ಲ. ನೋಡಲು ಹಾಗೇ ಕಾಣುತ್ತದೆ, ಮಕ್ಕಳಿಗೂ ಖುಷಿ. ಆದರೆ ಅಷ್ಟಕ್ಕೇ ವಾಪಸ್ ಬರಬಾರದು ಅಂತ ನನ್ನ ಹಟ. ಮೇಲಿನಿಂದ ತೊಟ್ಟಿಕ್ಕುವ ನೀರು ತಾನು ಕರಗಿಸಿದ ಸುಣ್ಣವನ್ನು ಮತ್ತೆ ಅಲ್ಲೇ ಬಿಟ್ಟು ಬಿಟ್ಟು ಈ ಆಕಾರಗಳು ಆಗಿವೆ. ನಿಮ್ಮ ಮಗುವಿನ ಉಗುರು ಒಂದು ತಿಂಗಳಲ್ಲಿ ಬೆಳೆಯುವಷ್ಟು ಬೆಳೆಯಲು ಅದಕ್ಕೆ ಹತ್ತಾರು ವರ್ಷ ಬೇಕು. ಸಪ್ತಸ್ವರಗಳ ಗುಹೆ ಅಂತ ಒಂದು ಭಾಗ ಇದೆ, ಅಲ್ಲಿ ಇಳಿಬಿದ್ದ ಕಲ್ಲಿಗೆ ತಟ್ಟಿದರೆ ಲೋಹದ ಹಾಗೆ ಶಬ್ದ ಬರುತ್ತದೆ. ನಮ್ಮ ಮಕ್ಕಳು ತಟ್ಟುವುದಿಲ್ಲ. ಗೋಡೆಯ ಮೇಲೆ ಹೆಸರು ಕೆತ್ತುವುದಂತೂ ಇಲ್ಲವೇ ಇಲ್ಲ, ಪೆನ್ನು ಬಸ್ಸಿನಲ್ಲೇ ಇರುತ್ತದೆ. ಕಲ್ಲಿನ ಶಬ್ದ ಕೇಳುವ ಆಸೆ ಇದ್ದರೆ ನಮ್ಮ ಪಕ್ಕದಲ್ಲೇ ಕುಪಗಲ್ ಬೆಟ್ಟ ಇದೆ. ಅಲ್ಲಿ ಕರಿಬಂಡೆಗಳ ಮೇಲೆ ಹೊಸ ಶಿಲಾಯುಗದ ಜನ ಕಲ್ಲಿನಿಂದ ಬಡಿದು ಬಡಿದು ಗುಳಿ ಬಿದ್ದಿವೆ, ಬಡಿದರೆ ಗಂಟೆಯ ಹಾಗೆ ನಾದ. ಅದನ್ನೂ ಮುಟ್ಟದೆ ನೋಡಿಕೊಂಡು ಬರೋಣ, ಫೆಬ್ರವರಿಯಲ್ಲಿ.

ಕುಪಗಲ್ ಹೆಸರು ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳಲೇಬೇಕು. ಬೆಲುಂ ಗುಹೆಯನ್ನು 1884ರಲ್ಲಿ ಮೊದಲು ಬರೆದಿಟ್ಟವರು ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಕಲ್ಲಿನ ಕೊಡಲಿ ಎತ್ತಿಕೊಂಡು, ಈ ದೇಶದಲ್ಲೂ ಹಳೇ ಶಿಲಾಯುಗದ ಮನುಷ್ಯರಿದ್ದರು ಅಂತ ತೋರಿಸಿದವರು ಅವರೇ. ನಮ್ಮ ಬಳ್ಳಾರಿ ಸುತ್ತಲಿನ ಗುಡ್ಡಗಳಲ್ಲೂ ಕಲ್ಲಿನ ಕೊಡಲಿಗಳನ್ನು ಹುಡುಕಿದವರು. ಬಳ್ಳಾರಿಯ ಸಂಗನಕಲ್ಲು ಮ್ಯೂಸಿಯಂಗೆ ಅವರ ಹೆಸರೇ ಇದೆ, ಎಷ್ಟು ಜನ ಒಳಗೆ ಹೋಗಿ ನೋಡಿದ್ದೀರಿ? ದಯವಿಟ್ಟು ಒಂದು ಸಲ ಹೋಗಿ. ಬೆಲುಂ ಒಳಗೂ ಕ್ರಿಸ್ತಪೂರ್ವ 4500ರ ಕಾಲದ್ದು ಎನ್ನಲಾದ ಮಡಕೆ ಚೂರುಗಳು ಸಿಕ್ಕಿವೆ. ಆಮೇಲೆ ಬೌದ್ಧ, ಜೈನ ಸನ್ಯಾಸಿಗಳೂ ಇದ್ದರಂತೆ. ಫೂಟ್ ನಂತರ ಸುಮಾರು ನೂರು ವರ್ಷ ಆ ಜಾಗದ ಕಡೆ ಯಾರೂ ಗಮನ ಕೊಡಲಿಲ್ಲ. 1982 ಮತ್ತು 1983ರಲ್ಲಿ ಡೇನಿಯಲ್ ಗೆಬಾವರ್ ಅನ್ನುವ ಜರ್ಮನಿಯವರ ತಂಡ ಬಂದು ಒಳಗೆಲ್ಲಾ ತೆವಳಿ ಅಳೆದು ನಕ್ಷೆ ಮಾಡಿತು. ಅಷ್ಟರಲ್ಲಿ ಸುತ್ತಲಿನ ಜನ ಅದರೊಳಗೆ ಕಸ ಸುರಿಯುತ್ತಿದ್ದರು! ಅದನ್ನೆಲ್ಲಾ ತೆಗೆದು, ಹಾದಿ ಮಾಡಿ, ದೀಪ ಹಾಕಿ 2002ರಲ್ಲಿ ಆಂಧ್ರದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದವರು ಜನರಿಗೆ ತೆರೆದರು. ಗುಡ್ಡವನ್ನೇ ಒಡೆದು ಜಲ್ಲಿ ಮಾಡುವುದನ್ನು ನೋಡುತ್ತಾ ಬೆಳೆಯುವ ನಮ್ಮೂರ ಮಕ್ಕಳು, ಕಸದ ಗುಂಡಿ ಆಗಿದ್ದ ಜಾಗವನ್ನು ಒಂದು ಊರು ಹೇಗೆ ಉಳಿಸಿಕೊಂಡಿತು ಅಂತ ನೋಡಲಿ ಅಂತ ನನ್ನ ಆಸೆ.

ಈಗ ನಿಮ್ಮ ಹೆದರಿಕೆಯ ವಿಷಯ. ಸುಳ್ಳು ಹೇಳುವುದಿಲ್ಲ, ಕೆಲವು ಕಡೆ ಹಾದಿ ಇಕ್ಕಟ್ಟು, ಬಗ್ಗಿ ಹೋಗಬೇಕು. ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿದ್ದಾಗ, ಇನ್ನೊಂದು ಗುಹೆಯಲ್ಲಿ ಒಬ್ಬ ಹುಡುಗಿ ಹಿಂದೆ ಉಳಿದುಬಿಟ್ಟಳು. ಹತ್ತು ನಿಮಿಷ ಆದ ಮೇಲೆ ನಮಗೆ ಗೊತ್ತಾಯಿತು. ಗೋಡೆಗೆ ಒರಗಿ ಅಳುತ್ತಾ ನಿಂತಿದ್ದಳು. ಬಸ್ಸಿನಲ್ಲಿ ಎಣಿಸಿದ್ದೆವು, ಒಳಗೆ ಎಣಿಸಿರಲಿಲ್ಲ, ಅದು ನನ್ನ ತಪ್ಪು. ಈಗ ಪ್ರತಿ ನಿಲುಗಡೆಯಲ್ಲೂ ಗುಂಪಿನ ಟೀಚರ್ ಎಣಿಸುತ್ತಾರೆ, ಲೆಕ್ಕ ಸರಿಯಾಗುವ ತನಕ ಯಾರೂ ಹೆಜ್ಜೆ ಇಡುವುದಿಲ್ಲ. ಗೈಡ್‌ಗೂ ಇದನ್ನು ಹೇಳಿ ಒಪ್ಪಿಸಿ ಬಂದಿದ್ದೇನೆ. ಭಯವಾದ ಮಗು ಕೈ ಎತ್ತಿದರೆ ಸಾಕು, ಒಬ್ಬ ಟೀಚರ್ ಮೇಲೆ ಕರೆದುಕೊಂಡು ಬರುತ್ತಾರೆ, ಅದಕ್ಕೆ ಯಾರೂ ನಗುವಂತಿಲ್ಲ. ಅಸ್ತಮಾ, ಫಿಟ್ಸ್, ಹೃದಯದ ತೊಂದರೆ ಏನೇ ಇದ್ದರೂ ಮುಚ್ಚಿಡಬೇಡಿ, ನನಗೆ ಬಂದು ಹೇಳಿ. ಔಷಧಿ ಮಗುವಿನ ಜೇಬಿನಲ್ಲೇ ಇರಲಿ.

ಇಬ್ಬರು ಮೂವರು ತಾಯಂದಿರು ಮೆಲ್ಲಗೆ ಇನ್ನೊಂದು ಕೇಳಿದಿರಿ. ಕೊನೆಯಲ್ಲಿ ಪಾತಾಳಗಂಗೆ ಅಂತ ಇದೆ, ಗುಹೆಯ ಎಲ್ಲಕ್ಕಿಂತ ಆಳದ ಜಾಗ, ಸಣ್ಣ ತೊರೆ ಹರಿದು ಕಲ್ಲೊಳಗೆ ಮಾಯವಾಗುತ್ತದೆ, ಅಲ್ಲೊಂದು ಲಿಂಗವೂ ಇದೆ. ಆ ದಿನ ಮುಟ್ಟಾದ ಹುಡುಗಿ ಹೋಗಬಹುದಾ ಅಂತ. ಹೋಗಬಹುದು. ನಾವು ಹೋಗುತ್ತಿರುವುದು ನೀರು ಕಲ್ಲಿಗೆ ಏನು ಮಾಡಿದೆ ಅಂತ ನೋಡಲು. ಮುಟ್ಟಾಗಿದ್ದಾಳೆ ಅನ್ನುವ ಕಾರಣಕ್ಕೆ ಒಬ್ಬ ಹುಡುಗಿ ಬಸ್ಸಿನಲ್ಲಿ ಕೂತು ಉಳಿದವರಿಗಾಗಿ ಕಾಯುವುದನ್ನು ನಾನು ಒಪ್ಪುವುದಿಲ್ಲ. ಪ್ಯಾಡ್ ನಮ್ಮ ಹತ್ತಿರ ಇರುತ್ತದೆ, ಮೂವರು ಮಹಿಳಾ ಟೀಚರ್‌ಗಳು ಜೊತೆಗಿರುತ್ತಾರೆ, ಇಳಿಯುವ ಮುಂಚೆ ಮೇಲೆ ಶೌಚಾಲಯಕ್ಕೆ ಹೋಗಿ ಬರಲು ಸಮಯ ಕೊಡುತ್ತೇವೆ.

ಹಣದ ಬಗ್ಗೆ ಎರಡೇ ಮಾತು. ಬಸ್ ಬಾಡಿಗೆ, ಟಿಕೆಟ್ ಸೇರಿ ಎಷ್ಟು ಅಂತ ಡೈರಿಯಲ್ಲಿದೆ. ಕಷ್ಟ ಇದ್ದರೆ ಮಗುವಿಗೆ "ಬೇಡ" ಅನ್ನುವ ಮುಂಚೆ ನನಗೆ ಒಂದು ಮಾತು ಹೇಳಿ. ಯಾರಿಗೂ ಗೊತ್ತಾಗುವುದಿಲ್ಲ.

ಬೆಳಿಗ್ಗೆ 5 ಗಂಟೆಗೆ ಶಾಲೆಯ ಮುಂದಿನಿಂದ ಹೊರಡುತ್ತೇವೆ, ರಾತ್ರಿ 9ರ ಹೊತ್ತಿಗೆ ವಾಪಸ್. ಮಧ್ಯಾಹ್ನದ ಬುತ್ತಿ ಮನೆಯಿಂದಲೇ: ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ, ನಿಮಗೆ ಅನುಕೂಲವಾದದ್ದು. ಎರಡು ಬಾಟಲಿ ನೀರು ಇರಲಿ. ಚಪ್ಪಲಿ ಬೇಡ, ಕೆಲವು ಕಡೆ ಒದ್ದೆ ಇದೆ, ಜಾರದ ಶೂ ಹಾಕಿಸಿ. ಮೊಬೈಲ್ ಬೇಡ.

ಹೊರಡುವ ಮುಂಚೆ ಮನೆಯಲ್ಲಿ ಒಂದು ಕೆಲಸ ಇದೆ. ಕಡಪ ಕಲ್ಲಿನ ಒಂದು ಹಳೇ ತುಂಡು ಎಲ್ಲಾದರೂ ಬಿದ್ದಿದ್ದರೆ, ಮಗುವಿನ ಕೈಯಲ್ಲೇ ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಸಿ ಒಂದು ರಾತ್ರಿ ಬಿಡಿ. ಪಕ್ಕದಲ್ಲಿ ನಮ್ಮ ಗುಡ್ಡದ ಒಂದು ಕಲ್ಲಿಗೂ ಹಾಗೇ ಮಾಡಲಿ. ಎರಡನ್ನೂ ಸೋಮವಾರ ಶಾಲೆಗೆ ತರಲಿ. ಒಪ್ಪಿಗೆ ಪತ್ರವನ್ನೂ ಅದರ ಜೊತೆಗೇ ಕಳಿಸಿ. ಏನಾದರೂ ಕೇಳುವುದಿದ್ದರೆ ಸಂಜೆ 5ರ ತನಕ ನಾನು ಶಾಲೆಯಲ್ಲೇ ಇರುತ್ತೇನೆ, ಬನ್ನಿ.

ಇಂತಿ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ