ಶಾಲೆಗೆ ಬಣ್ಣಕ್ಕಿಂತ ಮೊದಲು ನೀರು

ಮಾನ್ಯರೇ,

ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಹಳೆ ವಿದ್ಯಾರ್ಥಿಗಳು, ಯುವಕ ಸಂಘದವರು ಪಟ್ಟಿ ಎತ್ತಿ ಸರ್ಕಾರಿ ಶಾಲೆಗೆ ಬಣ್ಣ ಬಳಿಸುವುದುಂಟು. ಒಳ್ಳೆಯದೇ. ಆದರೆ ಗೋಡೆ ಮೇಲೆ ರೈಲು ಬಿಡಿಸುವ ಮೊದಲು ಶೌಚಾಲಯದ ನಲ್ಲಿ ತಿರುಗಿಸಿ ನೋಡಬೇಕು. ಮಗುವಿಗೆ ದಿನಕ್ಕೆ 5 ಲೀಟರ್ ಹಿಡಿದರೂ 150 ಮಕ್ಕಳಿಗೆ 750 ಲೀಟರ್ ಬೇಕು. 500 ಲೀಟರಿನ ಟ್ಯಾಂಕ್ ಬಿಸಿಯೂಟದ ಹೊತ್ತಿಗೇ ಬರಿದು. ಆಮೇಲೆ ಶೌಚಾಲಯಕ್ಕೆ ಬೀಗ.

ಎರೆಭೂಮಿಯ ಕಾಟ ಬೇರೆ. ಬೇಸಿಗೆಗೆ ನೆಲ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮೇಲೆಮೇಲೆ ಹೂತ ಪೈಪಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. 2 ಅಡಿ ಅಗೆದು, ಪೈಪಿನ ಕೆಳಗೂ ಮೇಲೂ ಅರ್ಧ ಅಡಿ ಮರಳು ಹಾಕಬೇಕು. ಹೊಲಸು ಹೋಗುವ 4 ಇಂಚಿನ ಪೈಪಿಗೆ 10 ಅಡಿಗೆ 3 ಇಂಚು ಇಳಿಜಾರು ಕೊಡಬೇಕು. ಮೇಸ್ತ್ರಿ 'ಕಣ್ಣಂದಾಜು ಸಾಕು' ಎಂದರೆ ಒಪ್ಪಬೇಡಿ, ನೀರುಮಟ್ಟ ಹಿಡಿಸಿ. ಪೈಪ್ ಕಟ್ಟಿಕೊಳ್ಳುವುದು ಹೆಚ್ಚಾಗಿ ಇಳಿಜಾರು ತಪ್ಪಿದಲ್ಲೇ.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಶೌಚಾಲಯಕ್ಕೆ ಬೀಗ ಬಿದ್ದರೆ ಹೆಣ್ಣುಮಕ್ಕಳಿಗಾಗುವ ತೊಂದರೆಯನ್ನು ಬಾಯಿಬಿಟ್ಟು ಹೇಳುವವರು ತಾಯಂದಿರೇ. ಸಭೆಯನ್ನು ಬೆಳಿಗ್ಗೆ 11ಕ್ಕೆ ಕರೆದರೆ ಅವರು ಹತ್ತಿ ಬಿಡಿಸಲು ಹೋಗಿರುತ್ತಾರೆ. ಮನೆಗೆ ಹೋಗಿ ಬರೀ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದದ್ದು ಸಭೆಯಲ್ಲ. ಸಂಜೆ 7ಕ್ಕೆ ಕರೆಯಿರಿ, ಠರಾವು ಅಲ್ಲೇ ಓದಿ ಹೇಳಿ, ನಳದ ಸಂಪರ್ಕಕ್ಕೆ ಅದರ ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

– ಹಳೆ ವಿದ್ಯಾರ್ಥಿಗಳ ಬಳಗದ ಸದಸ್ಯರು, ಶಹಾಪುರ ತಾಲ್ಲೂಕು