ಊಟಿಯಲ್ಲಿ ಹುಟ್ಟಿದ ಆ ಮನುಷ್ಯ ರೆಗ್ಗೆ ಗಾಯಕ ಅಲ್ಲ

ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಊಟಿಯ ಬಗ್ಗೆ ಬಂದ ಲೇಖನ ಓದಿದೆ. ನಾನು ಗುಂಡ್ಲುಪೇಟೆಯವನು. ಊಟಿ ಬಸ್ಸುಗಳು ನಮ್ಮ ಊರಿನ ಮೇಲೇ ಹೋಗುವುದರಿಂದ ಆ ಹೆಸರು ಎಲ್ಲಿ ಕಂಡರೂ ಓದಿಬಿಡುವ ಚಟ. ಪುಟಾಣಿ ರೈಲು, ಚಾಕೊಲೇಟು, ಸಿನಿಮಾ ಶೂಟಿಂಗು ಎಲ್ಲಾ ಸರಿಯಾಗಿತ್ತು. ಕೊನೆಯ ಬಾಕ್ಸಿನಲ್ಲಿ, ಅಲ್ಲಿ ಹುಟ್ಟಿದವರ ಪಟ್ಟಿಯಲ್ಲಿ, ಇಂಗ್ಲೆಂಡಿನ ಸಂಗೀತಗಾರ ಜೆರ್ರಿ ಡ್ಯಾಮರ್ಸ್ ಹೆಸರು ಕಂಡಾಗ ಖುಷಿಯೂ ಆಯಿತು. ಮುಂದಿನ ಎರಡು ಸಾಲು ಓದುವಷ್ಟರಲ್ಲಿ ಅದು ಇಳಿದುಹೋಯಿತು. 'ರೆಗ್ಗೆ ಗಾಯಕ' ಅಂತೆ, ಅವರ ಸ್ಕಾ ಸಂಗೀತ 'ರೆಗ್ಗೆಯಿಂದ ಹುಟ್ಟಿದ್ದು' ಅಂತೆ, ಅವರ ಬ್ಯಾಂಡ್ 'ಎರಡೇ ವರ್ಷಕ್ಕೆ ಜಗಳವಾಡಿ ಮುಳುಗಿತು' ಅಂತೆ. ಮೊದಲೆರಡು ತಪ್ಪು, ಮೂರನೆಯದು ಅರ್ಧ ಸತ್ಯ.

ಸ್ಕಾ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ, ಜಮೈಕಾದಲ್ಲಿ. ಅದರ ಓಟ ಕಡಿಮೆಯಾಗಿ ರಾಕ್‌ಸ್ಟೆಡಿ ಬಂತು, ಅದರಿಂದ 1968ರ ಹೊತ್ತಿಗೆ ರೆಗ್ಗೆ ಬಂತು. ಸ್ಕಾ ಅಜ್ಜ, ರೆಗ್ಗೆ ಮೊಮ್ಮಗ. ನೀವು ಅಜ್ಜನನ್ನು ಮೊಮ್ಮಗನ ತೊಡೆ ಮೇಲೆ ಕೂರಿಸಿದ್ದೀರಿ! ಸ್ಕಾ ಅಂದರೆ ಏನು ಅಂತ ತಿಳಿಯಲು ಸುಮ್ನೆ ತೊಡೆ ಮೇಲೆ ತಾಳ ಹಾಕಿ ನೋಡಿ. ಕೈ ತೊಡೆಗೆ ಬಿದ್ದಾಗ ಗಿಟಾರ್ ಬಾಯಿ ಮುಚ್ಚಿಕೊಂಡಿರುತ್ತದೆ, ಕೈ ಮೇಲೆದ್ದಾಗ 'ಚಕ್' ಅನ್ನುತ್ತದೆ. ಅಷ್ಟೇ. ಕಾಲು ತಾನಾಗಿ ಕುಣಿಯಲು ಶುರುಮಾಡುವುದು ಆ 'ಚಕ್'ನಿಂದಲೇ. ಡ್ಯಾಮರ್ಸ್ ಬಳಗ ಇದಕ್ಕೆ ಪಂಕ್ ಎಂಬ ಒರಟು ರಾಕ್ ಸಂಗೀತದ ವೇಗ ಮತ್ತು ಸಿಟ್ಟು ಬೆರೆಸಿತು. ಆಮೇಲೆ ಸ್ಕಾ-ಪಂಕ್ ಅಂತ ಬಂದ ಬ್ಯಾಂಡುಗಳೆಲ್ಲ, ಇಂಗ್ಲೆಂಡಿನವಿರಲಿ ಅಮೆರಿಕದವಿರಲಿ, ಇವರ ಋಣದಲ್ಲೇ ಇವೆ.

ಡ್ಯಾಮರ್ಸ್ 1955ರಲ್ಲಿ ಊಟಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಅವರು ಗಾಯಕ ಅಲ್ಲ, ಕೀಬೋರ್ಡ್ ನುಡಿಸುತ್ತಿದ್ದರು, ಹಾಡುಗಳಲ್ಲಿ ಹೆಚ್ಚಿನವನ್ನು ಬರೆಯುತ್ತಿದ್ದರು. 1977ರಲ್ಲಿ ಕಾರು ಕಾರ್ಖಾನೆಗಳ ಊರಾದ ಕೊವೆಂಟ್ರಿಯಲ್ಲಿ ಅವರು ಶುರುಮಾಡಿದ ಬ್ಯಾಂಡೇ ಮುಂದೆ 'ದಿ ಸ್ಪೆಷಲ್ಸ್' ಆಯಿತು. ಏಳು ಜನ. ಅದರಲ್ಲಿ ನೆವಿಲ್ ಸ್ಟೇಪಲ್ ಮತ್ತು ಲಿನ್‌ವಲ್ ಗೋಲ್ಡಿಂಗ್ ಜಮೈಕಾದಲ್ಲಿ ಹುಟ್ಟಿದ ಕಪ್ಪು ಹುಡುಗರು, ಉಳಿದವರು ಬಿಳಿಯರು. ವಲಸಿಗರನ್ನು ಓಡಿಸಬೇಕೆನ್ನುವ ನ್ಯಾಷನಲ್ ಫ್ರಂಟ್ ಪಕ್ಷದವರು ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದ ಕಾಲದಲ್ಲಿ ಇವರು ಒಂದೇ ವೇದಿಕೆ ಹತ್ತುವುದೇ ಒಂದು ಮಾತು ಹೇಳಿದ ಹಾಗಿತ್ತು.

1979ರಲ್ಲಿ 'ಟೂ ಟೋನ್' ಅಂತ ತಮ್ಮದೇ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಮಾಡಿಕೊಂಡರು. ಮೊದಲ ಹಾಡು 'ಗ್ಯಾಂಗ್‌ಸ್ಟರ್ಸ್'. ಫ್ರಾನ್ಸಿನ ಹೋಟೆಲೊಂದರಲ್ಲಿ ಬೇರೆ ಬ್ಯಾಂಡ್ ಮಾಡಿದ ದಾಂಧಲೆಗೆ ಇವರ ಗಿಟಾರುಗಳನ್ನು ಹಿಡಿದಿಟ್ಟುಕೊಂಡಿದ್ದರಂತೆ, ಆ ಸಿಟ್ಟಿನಲ್ಲಿ ಹುಟ್ಟಿದ ಹಾಡು. ರೆಕಾರ್ಡಿನ ಇನ್ನೊಂದು ಬದಿಗೆ ಹಾಡು ಮುದ್ರಿಸಲು ಕಾಸಿಲ್ಲದೆ ಅದೇ ಊರಿನ ನೋಯೆಲ್ ಡೇವಿಸ್ ಮೊದಲೇ ಮಾಡಿಟ್ಟಿದ್ದ ವಾದ್ಯ ಸಂಗೀತವನ್ನು ಹಾಕಿದರು, ಅದರಿಂದಲೇ 'ದಿ ಸೆಲೆಕ್ಟರ್' ಅಂತ ಇನ್ನೊಂದು ಬ್ಯಾಂಡ್ ಎದ್ದಿತು. ಮೊದಲ ಪ್ರತಿಗಳ ಕವರಿಗೆ ಚಿತ್ರವೂ ಇಲ್ಲ. ಖಾಲಿ ಬಿಳಿ ಕವರು, ಅದರ ಮೇಲೆ ತಾವೇ ಕೂತು ಒತ್ತಿದ ರಬ್ಬರ್ ಸ್ಟ್ಯಾಂಪು, ನಮ್ಮ ಸೊಸೈಟಿ ರಸೀದಿ ಥರ. ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಹೋಯಿತು.

ಅಲ್ಲಿಂದ 1981ರ 'ಘೋಸ್ಟ್ ಟೌನ್'ವರೆಗೆ ಸಾಲಾಗಿ ಏಳು ಸಿಂಗಲ್ಸ್ (ಬಿಡಿ ಹಾಡಿನ ರೆಕಾರ್ಡುಗಳು), ಏಳೂ ಮೊದಲ ಹತ್ತರೊಳಗೆ, ಎರಡು ಒಂದನೇ ಸ್ಥಾನಕ್ಕೆ. ಎರಡು ವರ್ಷದ ಕೆಲಸ ಇದು. ಮುಳುಗಿತು ಅನ್ನುವ ಮೊದಲು ಈ ಲೆಕ್ಕ ಒಮ್ಮೆ ನೋಡಬೇಕಿತ್ತು ಅಲ್ವಾ?

ಜಗಳ ಇದ್ದದ್ದು ನಿಜ. ಒಳಗೂ ಇತ್ತು, ಹೊರಗೆ ಇನ್ನೂ ಜಾಸ್ತಿ. ಕಾರ್ಯಕ್ರಮಗಳಿಗೆ ನುಗ್ಗಿ ಹೊಡೆದಾಡುವ ಪುಂಡರು. ಕೇಂಬ್ರಿಜ್‌ನಲ್ಲಿ ಅಂಥ ಗಲಾಟೆ ನಿಲ್ಲಿಸಲು ಹೋದ ಡ್ಯಾಮರ್ಸ್ ಮತ್ತು ಗಾಯಕ ಟೆರ್ರಿ ಹಾಲ್ ಅವರಿಗೇ ದಂಡ ಬಿತ್ತು. ಗೋಲ್ಡಿಂಗ್ ಅವರನ್ನು 1980ರಲ್ಲಿ ಲಂಡನ್ನಿನಲ್ಲಿ ಬಣ್ಣದ ಕಾರಣಕ್ಕೇ ಹಿಡಿದು ಬಡಿದರು. 1981ರ ಏಪ್ರಿಲ್‌ನಲ್ಲಿ ಕೊವೆಂಟ್ರಿಯಲ್ಲೇ, ಹಾಡಹಗಲಲ್ಲಿ, ಪಂಜಾಬಿ ಮನೆತನದ ವಿದ್ಯಾರ್ಥಿಯೊಬ್ಬನನ್ನು ಕೊಂದರು. ಜೂನ್‌ನಲ್ಲಿ ಸ್ಪೆಷಲ್ಸ್ ಅದೇ ಊರಿನ ಸ್ಟೇಡಿಯಂನಲ್ಲಿ ಜನಾಂಗೀಯ ಸಾಮರಸ್ಯಕ್ಕಾಗಿ ಕಾರ್ಯಕ್ರಮ ಕೊಟ್ಟಿತು. ನಮ್ಮ ಪತ್ರಿಕೆ ಓದುವವರಿಗೆ ಹೇಳಬೇಕಾದ್ದು ಇದು ಅಂತ ನನಗನ್ನಿಸುತ್ತದೆ.

'ಘೋಸ್ಟ್ ಟೌನ್' ಬಂದದ್ದೂ ಆ ಜೂನ್‌ನಲ್ಲೇ. ಗ್ಲಾಸ್ಗೋದ ಬೀದಿಯಲ್ಲಿ ವಯಸ್ಸಾದ ಹೆಂಗಸರು ಮನೆಯ ಕಪ್-ಸಾಸರುಗಳನ್ನು ಮಾರಲು ಇಟ್ಟುಕೊಂಡು ನಿಂತದ್ದನ್ನು ಡ್ಯಾಮರ್ಸ್ ನೋಡಿದ್ದರು. ಕಾರ್ಖಾನೆ ಮುಚ್ಚಿವೆ, ಕೆಲಸ ಇಲ್ಲ, ಕ್ಲಬ್ಬುಗಳಿಗೆ ಬೀಗ. ಆ ಹಾಡನ್ನು ಲೆಮಿಂಗ್ಟನ್‌ನ ಒಂದು ಇಕ್ಕಟ್ಟಾದ ಎಂಟು ಟ್ರ್ಯಾಕಿನ ಸ್ಟುಡಿಯೋದಲ್ಲಿ ಮುದ್ರಿಸಿದರು. ಗಾಳಿ ಊಳಿಡುವ ಸದ್ದು, ಕೀಬೋರ್ಡು, ಅದರ ಹಿಂದೆ ಹಳೇ ಜಮೈಕಾದ ರಿಕೋ ರೊಡ್ರಿಗೆಸ್ ಅವರ ಟ್ರಾಂಬೋನ್. ಜುಲೈನಲ್ಲಿ ಅದು ಒಂದನೇ ಸ್ಥಾನಕ್ಕೆ ಏರುವಾಗ ಊರೂರಲ್ಲಿ ದಂಗೆ ಎದ್ದಿತ್ತು. ಹಾಡು ರೇಡಿಯೋದಲ್ಲಿ, ಹಾಡಿನೊಳಗಿನದು ಕಿಟಕಿಯಾಚೆ.

ಆ ಹಾಡಿಗಾಗಿ ಟಿವಿಗೆ ಹೋದ ದಿನವೇ, ಡ್ರೆಸ್ಸಿಂಗ್ ರೂಮಿನಲ್ಲಿ, ಹಾಲ್, ಸ್ಟೇಪಲ್, ಗೋಲ್ಡಿಂಗ್ ಮೂವರೂ ಬಿಟ್ಟು ಹೋಗುತ್ತೇವೆ ಅಂದರು. ನೀವು ಬರೆದ 'ಮುಳುಗಿತು' ಇಲ್ಲಿಗೆ ನಿಲ್ಲುತ್ತದೆ. ಡ್ಯಾಮರ್ಸ್ ನಿಲ್ಲಲಿಲ್ಲ. ಉಳಿದವರ ಜೊತೆ, ಹೊಸಬರನ್ನು ಸೇರಿಸಿಕೊಂಡು, ಸಾಲ ಮಾಡಿಕೊಂಡು ಸ್ಟುಡಿಯೋದಲ್ಲಿ ಎರಡು ವರ್ಷ ಕೂತರು. 1983ರವರೆಗೆ ಮಂಡೇಲಾ ಬಗ್ಗೆ ಹೆಚ್ಚೇನೂ ತಿಳಿಯದಿದ್ದ ಮನುಷ್ಯ 1984ರಲ್ಲಿ 'ನೆಲ್ಸನ್ ಮಂಡೇಲಾ' ಹಾಡು ಮಾಡಿದರು. ಸೆರೆಯಾಳಿನ ಹಾಡು, ಆದರೆ ಮದುವೆ ದಿಬ್ಬಣದಲ್ಲಿ ಹಾಕಿದರೂ ಜನ ಕುಣಿಯುತ್ತಾರೆ, ಅಷ್ಟು ಉತ್ಸಾಹ. ದಕ್ಷಿಣ ಆಫ್ರಿಕಾ ಸರ್ಕಾರ 2014ರಲ್ಲಿ ಅವರಿಗೆ ಒ. ಆರ್. ಟಾಂಬೊ ಹೆಸರಿನ ಗೌರವ ಕೊಟ್ಟಿತು.

2008ರ ಸುಮಾರಿಗೆ ಉಳಿದವರೆಲ್ಲ ಮತ್ತೆ ಸೇರಿದರು, ಡ್ಯಾಮರ್ಸ್ ಇಲ್ಲದೆ. ನನ್ನನ್ನು ಹೊರಗಿಟ್ಟರು ಅಂತ ಇವರು, ಬಾಗಿಲು ತೆರೆದೇ ಇತ್ತು ಅಂತ ಅವರು. ಒಗ್ಗುವುದು ಕಷ್ಟದ ಮನುಷ್ಯ ಅಂತ ಕಾಣುತ್ತದೆ. ಆದರೂ ಅವರಿಲ್ಲದ ಸ್ಪೆಷಲ್ಸ್ ನನಗೆ ಒಗ್ಗರಣೆ ಇಲ್ಲದ ಸಾರು. ಜನ ಒಪ್ಪಿದರು ಬಿಡಿ, 2019ರಲ್ಲಿ ಅವರ 'ಎನ್‌ಕೋರ್' ಆಲ್ಬಂ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ಟೆರ್ರಿ ಹಾಲ್ ತೀರಿಕೊಂಡರು.

ತಿದ್ದುಪಡಿ ಹಾಕುವುದಾದರೆ ಫೋಟೊವನ್ನೂ ಬದಲಿಸಿ. ನೀವು ಹಾಕಿರುವುದು ಟೆರ್ರಿ ಹಾಲ್ ಅವರದು, ಆ ಗಂಟು ಮುಖ ನೋಡಿದರೆ ಗೊತ್ತಾಗುತ್ತದೆ. ಡ್ಯಾಮರ್ಸ್ ಅವರ ಹಳೆಯ ಫೋಟೊ ಹುಡುಕುವಾಗ ಬಾಯಿ ತೆರೆದು ನಗುತ್ತಿರುವುದನ್ನು ಹುಡುಕಿ. ಮುಂದಿನ ಹಲ್ಲು ಇರುವುದಿಲ್ಲ, ಅವರೇ.

ಒಬ್ಬ ಓದುಗ
ಗುಂಡ್ಲುಪೇಟೆ