ಕಾಲಿನ ಹೆಪ್ಪು ಕಾಲಿನಲ್ಲೇ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

2025ರ ಜೂನ್, ಜುಲೈನಲ್ಲಿ ನೆರೆಯ ಹಾಸನದಿಂದ ಹೃದಯಾಘಾತದ ಸುದ್ದಿಗಳು ಸಾಲಾಗಿ ಬಂದಾಗ ನಮ್ಮ ಕೊಡಗು ಜಿಲ್ಲೆಯಲ್ಲೂ ಎಲ್ಲರಿಗೂ ಎದೆಯದ್ದೇ ಚಿಂತೆ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದುದ್ದ ಕ್ಯೂ. ಆ ಗಾಬರಿ ಈಗ ಇಳಿದಿದೆ. ಆದರೆ ಯಾರಾದರೂ ದಿಢೀರ್ ತೀರಿಕೊಂಡರೆ ‘ಹಾರ್ಟ್ ಅಟ್ಯಾಕ್ ಅಂತೆ’ ಎಂದು ಮಾತು ಮುಗಿಸುವ ಅಭ್ಯಾಸ ಹಾಗೇ ಇದೆ. ಅಂಥ ಸಾವುಗಳಲ್ಲಿ ಕೆಲವು ಕಾಲಿನಿಂದ ಶುರುವಾಗಿರಬಹುದು ಅಂದರೆ ಜನ ನಗುತ್ತಾರೆ. ಅದಕ್ಕೇ ಈ ಪತ್ರ.

ನಾನು ಡಾಕ್ಟರ್ ಅಲ್ಲ. ಫಾರ್ಮಸಿ ಓದಿ ವಿರಾಜಪೇಟೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಚೀಟಿ ಹಿಡಿದು ಬರುವವರನ್ನೂ ನೋಡುತ್ತೇನೆ, ಬರಬೇಕಾಗಿದ್ದು ಬರದೇ ಹೋದವರನ್ನೂ ಗಮನಿಸುತ್ತೇನೆ. ಈ ಕಾಯಿಲೆಯಲ್ಲಿ ಎರಡನೆಯವರೇ ಜಾಸ್ತಿ ಚಿಂತೆ ಕೊಡುವವರು.

ಕಾಲಿನ ಮಾಂಸಖಂಡದ ನಡುವೆ, ಆಳದಲ್ಲಿ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಡಾಕ್ಟರು ಅದನ್ನು ಡಿವಿಟಿ ಅನ್ನುತ್ತಾರೆ. ಚರ್ಮದ ಮೇಲೆ ಗಂಟುಗಂಟಾಗಿ ಕಾಣುವ ವೆರಿಕೋಸ್ ನರ ಬೇರೆ, ಇದು ಬೇರೆ. ಆ ಹೆಪ್ಪಿನಿಂದ ಒಂದು ಚೂರು ಕಿತ್ತುಕೊಂಡರೆ ತೊಡೆ ದಾಟಿ, ಹೊಟ್ಟೆಯ ದೊಡ್ಡ ನಾಳ ಹಿಡಿದು, ಹೃದಯದ ಬಲಭಾಗದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಹೃದಯದವರೆಗೂ ದಾರಿ ಅಗಲವಾಗುತ್ತಲೇ ಹೋಗುವುದರಿಂದ ಎಲ್ಲೂ ತಡೆಯಾಗುವುದಿಲ್ಲ. ಶ್ವಾಸಕೋಶದ ಒಳಗೆ ಮಾತ್ರ ನಾಳಗಳು ಕವಲೊಡೆದು ಸಣ್ಣದಾಗುತ್ತವೆ, ಜರಡಿಯ ಹಾಗೆ. ಚೂರು ಸಿಕ್ಕಿಕೊಳ್ಳುವುದು ಅಲ್ಲೇ.

ಸಿಕ್ಕಿಕೊಂಡ ಕೂಡಲೇ ಮನುಷ್ಯ ಎದೆ ಹಿಡಿದುಕೊಂಡು ಬೀಳುತ್ತಾನೆ ಅಂತ ನಾವು ಅಂದುಕೊಂಡಿದ್ದೇವೆ. ದೊಡ್ಡ ಹೆಪ್ಪಾದರೆ ಹಾಗೂ ಆಗಬಹುದು. ಆದರೆ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. 2010ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 28 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ ವರದಿ ಬಂತು. ಕಾಲಿನಲ್ಲಿ ಹೆಪ್ಪಿದ್ದ, ಆದರೆ ಉಸಿರಾಟದ ತೊಂದರೆ ಏನೂ ಹೇಳದ 5,233 ಮಂದಿಯ ಲೆಕ್ಕ ಅದರಲ್ಲಿದೆ. ಅವರಲ್ಲಿ 1,665 ಮಂದಿಯ ಶ್ವಾಸಕೋಶದಲ್ಲಿ ಆಗಲೇ ಹೆಪ್ಪು ಇತ್ತು. ಶೇಕಡಾ 32, ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಮೊಣಕಾಲಿಗಿಂತ ಮೇಲೆ ಹೆಪ್ಪಿದ್ದವರಲ್ಲಿ ಇದು ಇನ್ನೂ ಜಾಸ್ತಿ. ಎಲ್ಲವೂ ಮೂಲೆಯ ಸಣ್ಣ ನಾಳಗಳಲ್ಲೇ ಇದ್ದವು ಅಂತಲೂ ಅಲ್ಲ. ಕೆಲವರಿಗೆ ದೊಡ್ಡ ನಾಳದಲ್ಲೇ ಇತ್ತು, ಆದರೂ ಅವರಿಗೆ ಗೊತ್ತಿರಲಿಲ್ಲ.

ಯಾಕೆ ಗೊತ್ತಾಗುವುದಿಲ್ಲ? ಶ್ವಾಸಕೋಶಕ್ಕೆ ಶಕ್ತಿ ಹೆಚ್ಚುವರಿ ಇದೆ. ಒಂದು ಕೊಂಬೆ ಮುಚ್ಚಿದರೆ ಉಳಿದ ಕಡೆ ಕೆಲಸ ನಡೆಯುತ್ತದೆ. ಇನ್ನೊಂದು ಕಾರಣ ನನಗೆ ಅಂಗಡಿಯಲ್ಲಿ ಕೂತೇ ಹೊಳೆದದ್ದು. ಹೆಪ್ಪು ಬರುವುದು ಸಾಮಾನ್ಯವಾಗಿ ಹಾಸಿಗೆ ಹಿಡಿದವರಿಗೆ. ಏಣಿಯಿಂದ ಬಿದ್ದು ಪ್ಲಾಸ್ಟರ್ ಹಾಕಿಸಿಕೊಂಡವರು, ಸೊಂಟದ ಅಥವಾ ಮಂಡಿಯ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು. ಮಂಚದ ಮೇಲೆ ಮಲಗಿದವರಿಗೆ ಏದುಸಿರು ಬರುವ ಸಂದರ್ಭವೇ ಕಡಿಮೆ. ಎದ್ದು ತೋಟದ ಏರು ಹತ್ತಿದಾಗ ದಮ್ಮು ಕಟ್ಟಿದರೆ ‘ತಿಂಗಳುಗಟ್ಟಲೆ ಮಲಗಿದ್ದೆನಲ್ಲ, ಸುಸ್ತು’ ಅನ್ನುತ್ತಾರೆ. ಎದೆ ಚುಚ್ಚಿದರೆ ‘ಗ್ಯಾಸ್’. ನಮ್ಮೂರಲ್ಲಿ ಗ್ಯಾಸ್ ಅನ್ನುವುದಕ್ಕೆ ಸಿಗದ ಕಾಯಿಲೆ ಯಾವುದಿದೆ ಹೇಳಿ!

ನಮ್ಮ ಜಿಲ್ಲೆಗೆ ಇದು ದೂರದ ವಿಷಯ ಅಲ್ಲ. ಕರಿಮೆಣಸು ಕುಯ್ಯುವಾಗ, ಮಳೆಗೆ ಮುಂಚೆ ಮರ ಕಪಾತು ಮಾಡುವಾಗ ಮೇಲಿಂದ ಬಿದ್ದು ಕಾಲು ಮುರಿದುಕೊಳ್ಳುವವರು ಪ್ರತಿ ವರ್ಷ ಇದ್ದಾರೆ. ಆದಿವಾಸಿ ಹಾಡಿಗಳ ಕೆಲವು ಕುಟುಂಬಗಳಲ್ಲಿ ಸಿಕಲ್ ಸೆಲ್ ಅನ್ನುವ, ವಂಶದಲ್ಲಿ ಬರುವ ರಕ್ತದ ಕಾಯಿಲೆ ಇದೆ, ಅದೂ ಹೆಪ್ಪಿನ ಅಪಾಯ ಹೆಚ್ಚಿಸುತ್ತದೆ. ಬಾಣಂತಿಯರ ಮಾತು ಬೇರೆಯೇ ಹೇಳಬೇಕು. ಹೆರಿಗೆಯಾದ ಮೊದಲ ಆರು ವಾರ ಹೆಪ್ಪುಗಟ್ಟುವ ಸಂಭವ ತುಂಬಾ ಹೆಚ್ಚು, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ನಾವು ಅದೇ ದಿನಗಳಲ್ಲಿ ಅವರನ್ನು ಮಂಚ ಬಿಟ್ಟು ಇಳಿಯಬೇಡ ಅನ್ನುತ್ತೇವೆ. ಆರೈಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಬಿಸಿನೀರು, ಎಣ್ಣೆ, ಕಷಾಯ ಎಲ್ಲಾ ಇರಲಿ. ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಲಿ. ಎರಡೂ ಪಾದ ಸ್ವಲ್ಪ ಊದುವುದು ಹೆರಿಗೆ ಆದವರಲ್ಲಿ ಸಾಮಾನ್ಯ. ಒಂದೇ ಕಾಲು ಊದಿದರೆ ಅದು ಸಾಮಾನ್ಯ ಅಲ್ಲ, ಅದರಲ್ಲೂ ಎಡಗಾಲು.

‘ಅಣ್ಣಾ, ಮೀನಖಂಡ ಬಿಗಿದುಕೊಂಡಿದೆ, ಒಳ್ಳೆ ಮುಲಾಮು ಕೊಡಿ’ ಅಂತ ಬರುವವರಿಗೆ ನಾನು ಈಗ ಮೊದಲು ಎರಡೂ ಕಾಲು ತೋರಿಸಿ ಅನ್ನುತ್ತೇನೆ. ಒಂದು ಕಾಲು ಇನ್ನೊಂದಕ್ಕಿಂತ ದಪ್ಪ ಕಂಡರೆ, ಮುಟ್ಟಿದರೆ ಬಿಸಿ ಇದ್ದರೆ, ಇತ್ತೀಚೆಗೆ ಮಲಗಿ ಎದ್ದವರಾಗಿದ್ದರೆ ಮುಲಾಮು ಕೊಡುವುದಿಲ್ಲ. ಆಸ್ಪತ್ರೆಗೆ ಹೋಗಿ, ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕಾ ಕೇಳಿ ಅಂತ ಕಳಿಸುತ್ತೇನೆ. ವ್ಯಾಪಾರ ಹೋಗುತ್ತದೆ, ಹೋಗಲಿ. ಉಳುಕು ಅಂತ ತಿಳಿದು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದಂತೂ ಬೇಡವೇ ಬೇಡ. ಹೆಪ್ಪು ಸಡಿಲವಾಗಿದ್ದರೆ ನಾವೇ ಮೇಲಕ್ಕೆ ಕಳಿಸಿದ ಹಾಗೆ.

ಹಾಗಾದರೆ ಕಾಲಿನಲ್ಲಿ ಹೆಪ್ಪು ಸಿಕ್ಕಿದ ಎಲ್ಲರಿಗೂ ಎದೆಯ ಸಿಟಿ ಸ್ಕ್ಯಾನ್ ಆಗಲೇಬೇಕಾ? ಈ ಪತ್ರ ಓದಿ ಯಾರೂ ಅದಕ್ಕಾಗಿ ಡಾಕ್ಟರ ಹತ್ತಿರ ಜಗಳ ಮಾಡಬೇಡಿ. ತೊಂದರೆ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಮಾಡಿಸುವುದಿಲ್ಲ. ಕಾಲಿಗೆ ಕೊಡುವ ಔಷಧಿಯೇ ಶ್ವಾಸಕೋಶಕ್ಕೂ. ಸ್ಕ್ಯಾನ್‌ಗೆ ಹಾಕುವ ಡೈ ಕಿಡ್ನಿ ವೀಕ್ ಇರುವವರಿಗೆ ಒಳ್ಳೆಯದಲ್ಲ, ವಿಕಿರಣವೂ ಇದೆ. ಔಷಧಿ ಒಂದೇ ಆದ ಮೇಲೆ ಸುಮ್ನೆ ಯಾಕೆ, ಅಲ್ವಾ? ಆದರೆ ಈ ಲೆಕ್ಕ ಸರಿಹೋಗುವುದು ರೋಗಿ ಔಷಧಿಯನ್ನು ಹೇಳಿದಷ್ಟು ದಿನ ತೆಗೆದುಕೊಂಡರೆ ಮಾತ್ರ. ನಮ್ಮಲ್ಲಿ ಎಡವುತ್ತಿರುವುದು ಅಲ್ಲೇ.

ಈಗ ಜಾಸ್ತಿ ಬರೆಯುವ ಮಾತ್ರೆಗಳಲ್ಲಿ ಒಂದು ರಿವರಾಕ್ಸಬಾನ್. ಮೊದಲ 21 ದಿನ 15 ಎಂಜಿ ದಿನಕ್ಕೆ ಎರಡು ಸಲ, ಆಮೇಲೆ 20 ಎಂಜಿ ಒಂದು ಸಲ, ಊಟದ ಜೊತೆ. ಕನಿಷ್ಠ 3 ತಿಂಗಳು. ಕೆಲವರಿಗೆ 6 ತಿಂಗಳು, ಇನ್ನು ಕೆಲವರಿಗೆ ವರ್ಷಗಟ್ಟಲೆ. ಮೂರು ವಾರ ಆಗುವಷ್ಟರಲ್ಲಿ 15ರ ಸ್ಟ್ರಿಪ್ ಖಾಲಿ. ಕಾಲಿನ ಊತವೂ ಇಳಿದಿರುತ್ತದೆ. ಕೋರ್ಸ್ ಮುಗೀತು ಅಂತ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಈ ಮಾತ್ರೆ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದ ಹಾಗೆ ನೋಡಿಕೊಳ್ಳುತ್ತದೆ. ಕರಗಿಸುವ ಕೆಲಸ ದೇಹದ್ದು, ಅದಕ್ಕೆ ಸಮಯ ಬೇಕು. ಕಾಲು ಸಣ್ಣಗಾಯಿತು ಅಂದರೆ ಒಳಗೆ ಎಲ್ಲಾ ಸರಿಯಾಯಿತು ಅಂತ ಅಲ್ಲ. ಮೇಲೆ ಹೇಳಿದ ವರದಿಯಲ್ಲೇ ಇನ್ನೊಂದು ವಿಷಯವಿದೆ: ಶ್ವಾಸಕೋಶದಲ್ಲಿ ಸದ್ದಿಲ್ಲದ ಹೆಪ್ಪು ಇದ್ದವರಿಗೆ, ಇಲ್ಲದವರಿಗಿಂತ, ಮತ್ತೆ ಹೆಪ್ಪು ಬಂದದ್ದು ಹೆಚ್ಚು.

ಮರದಿಂದ ಬಿದ್ದು ಕಾಲು ಮುರಿದಿದ್ದ ಒಬ್ಬರು ಹೀಗೇ ಮೂರು ವಾರಕ್ಕೆ ಮಾತ್ರೆ ಬಿಟ್ಟಿದ್ದರು. ಕೆಲವು ವಾರ ಕಳೆದು ನನ್ನಲ್ಲಿಗೆ ಬಂದದ್ದು ಗ್ಯಾಸ್ ಮಾತ್ರೆಗೆ. ಅಂಗಡಿಯ ಮೆಟ್ಟಿಲು ಹತ್ತಲೂ ಏದುಸಿರು. ಮೈಸೂರಿಗೆ ಹೋದಾಗ ಎರಡೂ ಶ್ವಾಸಕೋಶದಲ್ಲಿ ಹೆಪ್ಪು ಕಂಡಿತು. ಉಳಿದುಕೊಂಡರು, ಈಗ ತೋಟಕ್ಕೂ ಹೋಗುತ್ತಾರೆ. ಅವರಿಗೆ ಕೊಟ್ಟಿದ್ದ ಡಿಸ್ಚಾರ್ಜ್ ಹಾಳೆಯನ್ನು ನಾನು ಓದಿದ್ದೇನೆ. ಔಷಧಿ ಸರಿಯಾಗಿಯೇ ಬರೆದಿದ್ದರು, ‘3 ತಿಂಗಳು’ ಅಂತಲೂ ಇತ್ತು. ಎಲ್ಲಾ ಇಂಗ್ಲಿಷ್‌ನಲ್ಲಿ, ಮೂರನೇ ಪುಟದ ಕೆಳಗೆ. ಆ ಮನೆಯಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ.

ದುಡ್ಡಿನ ಕಾರಣಕ್ಕೆ ವಾರ್ಫರಿನ್ ತೆಗೆದುಕೊಳ್ಳುವವರೂ ಇದ್ದಾರೆ. ಅಗ್ಗ, ಒಳ್ಳೆಯ ಔಷಧಿ. ಆದರೆ ಐಎನ್‌ಆರ್ ಅನ್ನುವ ರಕ್ತಪರೀಕ್ಷೆ ಆಗಾಗ ಮಾಡಿಸಿ ಅದನ್ನು 2 ಮತ್ತು 3ರ ನಡುವೆ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ದಿಢೀರನೆ ದಿನಾ ಕೆಸದ ಸೊಪ್ಪು ತಿಂದರೆ ಮಾತ್ರೆಯ ಕೆಲಸ ಕಡಿಮೆಯಾಗುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ಪ್ರಮಾಣ ಏರುಪೇರು ಮಾಡಬಾರದು ಅಷ್ಟೇ. ಯಾವ ಮಾತ್ರೆಯಾದರೂ ಸರಿ, ಜೊತೆಗೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ಇನ್ನಷ್ಟು ಹೊತ್ತು ಸೋರುತ್ತದೆ, ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ, ಬಟ್ಟೆಯಿಂದ ಒತ್ತಿ ಹಿಡಿಯಿರಿ. ಹೆಪ್ಪುಗಟ್ಟದ ಹಾಗೆ ಮಾಡುವ ರಸ ಜಿಗಣೆಯ ಬಾಯಲ್ಲೇ ಇದೆ. ಅದನ್ನು ನೋಡಿ ಕಲಿತೇ ಮನುಷ್ಯ ಕೆಲವು ಔಷಧಿ ಮಾಡಿದ್ದಾನೆ, ಪುಣ್ಯಕ್ಕೆ ನಮ್ಮ ತೋಟದಲ್ಲಿ ಪುಕ್ಕಟೆ ಕಚ್ಚುತ್ತದೆ.

ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಆಸುಪಾಸು. ಮಂಗಳೂರು ಇನ್ನೂ ದೂರ, ನಡುವೆ ಸಂಪಾಜೆ ಘಾಟಿ. 2018ರ ಮಳೆಯಲ್ಲಿ ಆ ರಸ್ತೆ ಕುಸಿದು ಮುಚ್ಚಿದ್ದು ಯಾರೂ ಮರೆತಿಲ್ಲ. ದೊಡ್ಡ ಹೆಪ್ಪು ಶ್ವಾಸಕೋಶಕ್ಕೆ ಬಂದ ಮೇಲೆ ಓಡುವುದಕ್ಕೆ ನಮಗೆ ಸಮಯ ಕಡಿಮೆ. ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿದಾಗ ರಕ್ತ, ತಲೆಸುತ್ತಿ ಬೀಳುವುದು, ಸುಮ್ಮನೆ ಕೂತಾಗಲೂ ಎದೆ ಡಬಡಬ ಹೊಡೆದುಕೊಳ್ಳುವುದು ಇದ್ದರೆ ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ ‘ಕಾಲಿನಲ್ಲಿ ಹೆಪ್ಪು ಇತ್ತು’ ಎಂದು ಬಾಯಿಬಿಟ್ಟು ಹೇಳಿ. ಇಸಿಜಿ ಒಂದನ್ನೇ ನೋಡಿ ಇಲ್ಲ ಅನ್ನುವ ಹಾಗಿಲ್ಲದ ಕಾಯಿಲೆ ಇದು.

ಜಿಲ್ಲಾ ಆರೋಗ್ಯ ಇಲಾಖೆಗೆ ಮತ್ತು ನಮ್ಮ ಎಲ್ಲಾ ಆಸ್ಪತ್ರೆಗಳಿಗೆ ಕೇಳುವುದು ದೊಡ್ಡದೇನಲ್ಲ. ಹೆಪ್ಪಿಗೆ ಔಷಧಿ ಕೊಟ್ಟು ಮನೆಗೆ ಕಳಿಸುವಾಗ ಹಾಳೆಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಮಾತ್ರೆ ಯಾವ ತಾರೀಖಿನವರೆಗೆ ಅಂತ ಬರೆಯಿರಿ. ‘ಊತ ಇಳಿದರೂ ನಿಲ್ಲಿಸಬೇಡಿ’ ಅಂತ ಇನ್ನೊಂದು ಸಾಲು. ಒಂದು ರಬ್ಬರ್ ಸ್ಟಾಂಪ್ ಮಾಡಿಸಿದರೂ ಆಯಿತು. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಬಂಗಾಳದಿಂದ ಬಂದ ಕೆಲಸಗಾರರೂ ಇದ್ದಾರೆ. ಅವರಿಗೆ ಹಿಂದಿಯಲ್ಲೋ ಬಂಗಾಳಿಯಲ್ಲೋ ಅದೇ ಎರಡು ಸಾಲು ಬೇಕು. ಸ್ಟಾಂಪಿನ ಖರ್ಚು ಯಾರು ಕೊಡುವುದು ಅನ್ನುವುದೇ ಪ್ರಶ್ನೆಯಾದರೆ, ವಿರಾಜಪೇಟೆಯ ಮಟ್ಟಿಗೆ ನಾನು ಕೊಡುತ್ತೇನೆ.

– ಮೆಡಿಕಲ್ ಶಾಪಿನ ಒಬ್ಬ ಓದುಗ, ವಿರಾಜಪೇಟೆ